ಆರು ವಾರದ ಚೀಟಿ

(ನಮ್ಮ ಸಂಘದ ಮಹಿಳಾ ವೇದಿಕೆಯ ಮಾರ್ಚ್ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಕಳೆದ ಸಭೆಯ ಕೊನೆಯಲ್ಲಿ "ಮಾರ್ಚ್‌ನಲ್ಲಿ ಆರೋಗ್ಯದ ಬಗ್ಗೆ ಯಾರು ಮಾತಾಡ್ತೀರಿ?" ಅಂತ ಕೇಳಿದಾಗ ಕೈ ಎತ್ತಿದವಳು ನಾನೇ. ಮನೆಗೆ ಹೋಗುವ ದಾರಿಯಲ್ಲಿ ಯಾಕಪ್ಪಾ ಎತ್ತಿದೆ ಅನ್ನಿಸಿತು. ನಾನು ಡಾಕ್ಟರ್ ಅಲ್ಲ. ಎಂ.ಟೆಕ್. ಓದಿ ಇಲ್ಲಿ ಹಿಂಜವಡಿಯ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವಳು. ಆದರೆ 2019ರ ನವೆಂಬರ್‌ನಿಂದ 2020ರ ಫೆಬ್ರವರಿವರೆಗೆ ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿಕೊಂಡು ಸಕ್ಕರೆ ನೋಡಿಕೊಂಡವಳು. ಆಮೇಲೆ ಒಂದು ತಪ್ಪು ಮಾಡಿದವಳು. ಆ ತಪ್ಪನ್ನು ನಿಮ್ಮ ಮುಂದೆ ಹೇಳಬೇಕು ಅಂತಲೇ ಕೈ ಎತ್ತಿದ್ದು. ವೈದ್ಯಕೀಯ ವಿಚಾರ ಬರುವ ಭಾಗಗಳನ್ನು ನಮ್ಮ ವೇದಿಕೆಯಲ್ಲೇ ಇರುವ ಸ್ತ್ರೀರೋಗ ತಜ್ಞೆಯೊಬ್ಬರಿಗೆ ಮೊದಲೇ ತೋರಿಸಿದ್ದೇನೆ. ಅವರು ಎರಡು ಕಡೆ ತಿದ್ದಿ, ಒಂದು ಕಡೆ "ಇಷ್ಟು ಹೆದರಿಸಬೇಡಿ" ಅಂತ ಬರೆದು ಕೊಟ್ಟರು. ಹಾಗಾಗಿ ಅಷ್ಟು ಹೆದರಿಸುವುದಿಲ್ಲ.

ನನಗೆ ಆಗ 31 ವರ್ಷ. ಮೊದಲ ಬಸುರು. ಮೂರನೇ ತಿಂಗಳಲ್ಲಿ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಸರಿಯಾಗಿಯೇ ಇತ್ತು. ದೀಪಾವಳಿ ಮುಗಿದು ಎರಡು ಮೂರು ವಾರವಾಗಿತ್ತು, 26ನೇ ವಾರ ನಡೆಯುತ್ತಿತ್ತು. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದರು, ಹೋದೆ. ಒಮ್ಮೆ ರಕ್ತ ತೆಗೆದು, 75 ಗ್ರಾಂ ಗ್ಲೂಕೋಸ್ ಕರಗಿಸಿದ ನೀರು ಕುಡಿಸಿ, ಒಂದು ಗಂಟೆಗೊಮ್ಮೆ, ಎರಡು ಗಂಟೆಗೊಮ್ಮೆ ಮತ್ತೆ ತೆಗೆದರು. ಮಧ್ಯೆ ನಾನು ಲ್ಯಾಪ್‌ಟಾಪ್ ತೆರೆದು ಕಾಲ್‌ನಲ್ಲಿದ್ದೆ. ಸಂಜೆ ಮೊಬೈಲ್‌ಗೆ ವರದಿ ಬಂತು: 96, 194, 168. ಮೂರೂ ಕೆಂಪು ಅಕ್ಷರದಲ್ಲಿ.

ಈ ಪರೀಕ್ಷೆಯ ಮಿತಿ 92, 180, 153. ಮೂರರಲ್ಲಿ ಒಂದು ದಾಟಿದರೂ ಗರ್ಭಾವಸ್ಥೆಯ ಮಧುಮೇಹ ಅಂತ ಲೆಕ್ಕ. ನಾನು ಮೂರನ್ನೂ ದಾಟಿದ್ದೆ. ನನ್ನ ತಲೆಗೆ ಮೊದಲು ಬಂದದ್ದು ದೀಪಾವಳಿಯ ಕರಂಜಿಕಾಯಿ. ಎಷ್ಟು ತಿಂದಿದ್ದೆ ಅಂತ ಎಣಿಸಲು ಕೂತೆ. ಈಗ ನಗು ಬರುತ್ತದೆ, ಅವತ್ತು ಅತ್ತಿದ್ದೆ. ತಿಂದದ್ದಕ್ಕೆ ಬಂದ ಶಿಕ್ಷೆ ಅಂತಲೇ ಅಂದುಕೊಂಡಿದ್ದೆ.

ಊರಿಗೆ ಫೋನ್ ಮಾಡಿದೆ. ನಮ್ಮದು ಮಂಡ್ಯದ ಕಡೆ. ಅವ್ವ ಅಂದಳು, "ನಮ್ ವಂಸದಲ್ಲೇ ಯಾರ್ಗೂ ಇಲ್ವಲ್ಲವ್ವ, ನಿನ್ಗೆಂಗ್ ಬಂತು?"

"ನಿನಗೇ ಇದೆಯಲ್ಲವ್ವ, ಮಾತ್ರೆ ತಗೊಳ್ತಿದೀಯಲ್ಲ!"

"ನಂದು ವಯಸ್ಸಾದ್ಮೇಲೆ ಬಂದಿದ್ದು ಕಣೆ."

ಅವ್ವನಿಗೆ ಸಕ್ಕರೆ ಕಾಯಿಲೆ ಗೊತ್ತಾದಾಗ ಅವಳಿಗೆ 44 ವರ್ಷ. ನಲವತ್ನಾಲ್ಕು ಯಾವ ವಯಸ್ಸು ಅಂತ ನಾನು ಆಗ ಕೇಳಲಿಲ್ಲ.

ಕಾಯಿಲೆ ಯಾಕೆ ಬರುತ್ತದೆ ಅನ್ನುವುದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಮಗುವಿನ ಜೊತೆ ಹೊಟ್ಟೆಯಲ್ಲಿ ಬೆಳೆಯುವ ಮಾಸು ಇದೆಯಲ್ಲ, ಅದು ಸುಮ್ಮನೆ ಕೂತಿರುವ ಚೀಲವಲ್ಲ. ತಾಯಿಯ ರಕ್ತದ ಸಕ್ಕರೆ ಬೇಗ ಖರ್ಚಾಗದೆ ಮಗುವಿಗೆ ಸಿಗುತ್ತಿರಲಿ ಅಂತ ಅದು ಕೆಲವು ಹಾರ್ಮೋನುಗಳನ್ನು ಬಿಡುತ್ತದೆ. ಆ ಹಾರ್ಮೋನುಗಳಿಂದ ತಾಯಿಯ ಮೈಯಲ್ಲಿ ಇನ್ಸುಲಿನ್ನಿನ ಕೆಲಸ ಮಂದವಾಗುತ್ತದೆ. ಆರನೇ ತಿಂಗಳು ಕಳೆದ ಮೇಲೆ ಇದು ಜೋರು. ಅದಕ್ಕೇ ಪರೀಕ್ಷೆಗೆ 24ರಿಂದ 28ನೇ ವಾರವನ್ನು ಆರಿಸಿರುವುದು. ಎಲ್ಲ ಬಸುರಿಯರಲ್ಲೂ ಹೀಗೆಯೇ ಆಗುತ್ತದೆ. ಹೆಚ್ಚಿನವರ ಮೇದೋಜೀರಕ ಗ್ರಂಥಿ ಎರಡು ಮೂರು ಪಟ್ಟು ಇನ್ಸುಲಿನ್ ಮಾಡಿ ಸರಿದೂಗಿಸಿಕೊಳ್ಳುತ್ತದೆ. ನನ್ನಂಥವರದು ಸರಿದೂಗಿಸಲಾರದೆ ಸೋಲುತ್ತದೆ. ಆ ಶಕ್ತಿ ಕಡಿಮೆಯಿರುವುದಕ್ಕೆ ಮನೆತನ, ವಯಸ್ಸು, ತೂಕ, ಕೂತೇ ಮಾಡುವ ಕೆಲಸ ಎಲ್ಲ ಸೇರುತ್ತವೆ. ಒಂದು ದೀಪಾವಳಿಯ ಕರಂಜಿಕಾಯಿಯಿಂದ ಬರುವುದಲ್ಲ.

ಮುಂದೆ ಮಗುವಿಗೆ ಏನಾಗುತ್ತದೆ? ತಾಯಿಯ ರಕ್ತದ ಸಕ್ಕರೆ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ. ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಹಾಗಾಗಿ ಬಂದ ಹೆಚ್ಚಿನ ಸಕ್ಕರೆಯನ್ನು ಸಂಭಾಳಿಸಲು ಮಗು ತಾನೇ ಹೆಚ್ಚು ಇನ್ಸುಲಿನ್ ಮಾಡಿಕೊಳ್ಳುತ್ತದೆ. ಇನ್ಸುಲಿನ್ ಹೆಚ್ಚಾದರೆ ಮಗುವಿನ ಮೈಯಲ್ಲಿ, ಅದರಲ್ಲೂ ಹೆಗಲು ಹೊಟ್ಟೆಯ ಭಾಗದಲ್ಲಿ, ಕೊಬ್ಬು ಕೂಡುತ್ತದೆ. ಡೆನ್ಮಾರ್ಕಿನ ಪೆಡರ್ಸನ್ ಅನ್ನುವ ವೈದ್ಯರು 1950ರ ದಶಕದಲ್ಲೇ ಇದನ್ನು ಹೇಳಿದ್ದರು.

ಡಾಕ್ಟರ್ ನನಗೆ ಇದನ್ನು ವಿವರಿಸುತ್ತಾ, "ತಲೆ ಬಂದುಬಿಡುತ್ತೆ, ಹೆಗಲು ಸಿಕ್ಕಿಕೊಳ್ಳಬಹುದು, ಆಗ ಕೈಯ ನರಕ್ಕೆ ಪೆಟ್ಟಾಗುವ ಸಾಧ್ಯತೆ ಇರುತ್ತೆ" ಅಂದರು. ಅವರು ಮುಂದೆ ಏನು ಹೇಳಿದರೋ ನನ್ನ ಕಿವಿಗೆ ಬೀಳಲಿಲ್ಲ. ನನಗೆ ನೆನಪಾದದ್ದು ತಮ್ಮ.

ನನ್ನ ತಮ್ಮ 1992ರಲ್ಲಿ ಹುಟ್ಟಿದ್ದು, ನಾಲ್ಕೂವರೆ ಕೆಜಿ. ನಮ್ಮ ಕೇರಿಯಲ್ಲಿ ಅಷ್ಟು ದೊಡ್ಡ ಕೂಸನ್ನು ಯಾರೂ ನೋಡಿರಲಿಲ್ಲವಂತೆ. ಜನ ನೋಡಲು ಬರುತ್ತಿದ್ದರಂತೆ. ಹುಟ್ಟುವಾಗ ಹೆಗಲು ಸಿಕ್ಕಿಕೊಂಡಿತ್ತು. ಬಲಗೈ ಆರೇಳು ತಿಂಗಳು ಜೋತಾಡುತ್ತಿತ್ತು. ಅಜ್ಜಿ ದಿನಾ ಎಣ್ಣೆ ಹಾಕಿ ನೀವುತ್ತಿದ್ದಳು. ದೊಡ್ಡ ಕೂಸಿಗೆ ದೃಷ್ಟಿ ತಗುಲಿದೆ ಅಂತ ಕೆಲವರು, ಹೆರಿಗೆ ಮಾಡಿಸಿದವಳು ಎಳೆದದ್ದಕ್ಕೇ ಹೀಗಾಯಿತು ಅಂತ ಕೆಲವರು. ಅವ್ವ ಇವತ್ತಿಗೂ ಆ ನರ್ಸನ್ನು ಬೈಯುತ್ತಾಳೆ. ತಮ್ಮ ಈಗ ಚೆನ್ನಾಗಿದ್ದಾನೆ, ಮದುವೆಯಾಗಿದೆ, ಬೈಕ್ ಓಡಿಸುತ್ತಾನೆ. ಆದರೆ ಬಲಗೈಯನ್ನು ಪೂರ್ತಿ ತಲೆಯ ಮೇಲೆ ಎತ್ತಲಾರ. ಚಿಕ್ಕಂದಿನಲ್ಲಿ ಕ್ರಿಕೆಟ್ ಆಡುವಾಗ ಅವನೊಬ್ಬನಿಗೆ ಮಾತ್ರ ಕೈ ಕೆಳಗಿಂದ ಬೌಲಿಂಗ್ ಮಾಡಲು ಬಿಡುತ್ತಿದ್ದರು.

ಅವ್ವನಿಗೆ ಆ ಬಸುರಿನಲ್ಲಿ ಸಕ್ಕರೆ ಇತ್ತೇ? ಯಾರೂ ಪರೀಕ್ಷೆ ಮಾಡಲಿಲ್ಲ, ಆದ್ದರಿಂದ ಖಚಿತವಾಗಿ ಹೇಳಲು ಈಗ ಸಾಧ್ಯವಿಲ್ಲ. ಸಕ್ಕರೆ ಇಲ್ಲದವರಿಗೂ ದೊಡ್ಡ ಮಕ್ಕಳು ಹುಟ್ಟುತ್ತವೆ. ಆದರೆ ನಾಲ್ಕೂವರೆ ಕೆಜಿಯ ಕೂಸು, 44ಕ್ಕೆ ಅಮ್ಮನಿಗೆ ಮಧುಮೇಹ, 31ಕ್ಕೆ ಮಗಳಿಗೆ ಇದು. ಮೂರನ್ನೂ ಒಂದೇ ಸಾಲಿನಲ್ಲಿ ಬರೆದು ನೋಡಿದಾಗ ಡಾಕ್ಟರ್ ತಲೆ ಆಡಿಸಿದರು. "ವಂಶದಲ್ಲಿ ಯಾರಿಗೂ ಇಲ್ಲ" ಅನ್ನುವ ಮಾತನ್ನು ನಾನು ಅವತ್ತಿನಿಂದ ನಂಬುವುದಿಲ್ಲ. ಯಾರೂ ನೋಡಿಲ್ಲ ಅಂದರೆ ಒಪ್ಪುತ್ತೇನೆ.

ಈಗ ಪರಿಸ್ಥಿತಿ ಬದಲಾಗಿದೆ, ಅದರಲ್ಲಿ ನಮ್ಮ ದೇಶದವರ ಪಾಲು ದೊಡ್ಡದು. ಚೆನ್ನೈನ ಡಾ. ವಿ. ಶೇಷಯ್ಯ ಅವರು ಇದರ ಬಗ್ಗೆ ದಶಕಗಳ ಕಾಲ ದುಡಿದವರು. ಅವರ ಜನ್ಮದಿನವಾದ ಮಾರ್ಚ್ 10ನ್ನೇ ನಮ್ಮಲ್ಲಿ ಗರ್ಭಾವಸ್ಥೆಯ ಮಧುಮೇಹದ ಜಾಗೃತಿ ದಿನವಾಗಿ ಆಚರಿಸುತ್ತಾರೆ. ಅವರು ಮತ್ತು ಅವರ ಡಿಪ್ಸಿ ಬಳಗ ರೂಢಿಗೆ ತಂದ ಪರೀಕ್ಷೆ ಬಹಳ ಸರಳ. ಬಸುರಿ ಊಟ ಮಾಡಿ ಬಂದಿರಲಿ, ಖಾಲಿ ಹೊಟ್ಟೆಯಲ್ಲಿ ಬಂದಿರಲಿ, 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆಯ ಮೇಲೆ ಒಂದೇ ಸಲ ರಕ್ತ ನೋಡುವುದು. 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚಿಕಿತ್ಸೆ. ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಹೆಂಗಸಿಗೆ "ಉಪವಾಸ ಬಾ, ನಾಳೆ ಬಾ" ಅಂದರೆ ಅವಳು ಮತ್ತೆ ಬರುವುದಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ಇರುವುದೂ ಇದೇ ಪರೀಕ್ಷೆ. ಬಸುರಿ ಮೊದಲ ಸಲ ಬಂದಾಗ ಒಮ್ಮೆ, 24ರಿಂದ 28 ವಾರದೊಳಗೆ ಇನ್ನೊಮ್ಮೆ. ನಿಮ್ಮ ಮನೆಗೆಲಸಕ್ಕೆ ಬರುವ ಹುಡುಗಿ ಬಸುರಿಯಾಗಿದ್ದರೆ ದಯವಿಟ್ಟು ಕೇಳಿ, ಎರಡನೇ ಸಲದ್ದು ಆಯಿತಾ ಅಂತ. ಮೊದಲನೆಯದು ಸರಿ ಬಂತಲ್ಲ ಅಂತ ಎರಡನೆಯದನ್ನು ಬಿಡುವವರು ಬಹಳ. ನನ್ನದೂ ಮೊದಲನೆಯದು ಸರಿಯಾಗಿಯೇ ಇತ್ತು ಅಂತ ಹೇಳಿದೆನಲ್ಲ.

ಇನ್ನು ಊಟದ ವಿಷಯ. ನೀವೆಲ್ಲ ಇದಕ್ಕೇ ಕಾಯುತ್ತಿದ್ದೀರಿ ಅಂತ ಗೊತ್ತು.

ಮೊದಲ ವಾರ ನಾನು ಮಾಡಿದ್ದು ಶುದ್ಧ ಮೂರ್ಖತನ. ಅನ್ನ ಬಿಟ್ಟೆ, ಚಪಾತಿ ಬಿಟ್ಟೆ, ಹಣ್ಣು ಬಿಟ್ಟೆ. ಸೌತೆಕಾಯಿ ಮೊಟ್ಟೆ ತಿಂದುಕೊಂಡು ಇದ್ದೆ. ಮೀಟರಿನಲ್ಲಿ ಅಂಕಿ ಚೆನ್ನಾಗಿ ಬರುತ್ತಿತ್ತು, ನನಗೆ ಪರೀಕ್ಷೆಯಲ್ಲಿ ರ್‍ಯಾಂಕ್ ಬಂದಷ್ಟು ಖುಷಿ. ವಾರದ ಕೊನೆಗೆ ಒಂದೂವರೆ ಕೆಜಿ ಇಳಿದಿದ್ದೆ, ಮೂತ್ರದಲ್ಲಿ ಕೀಟೋನ್ ಕಾಣಿಸಿತ್ತು. ಆಹಾರ ತಜ್ಞೆ ಬೈದರು. ಮೈಗೆ ಪಿಷ್ಟ ಸಿಗದಿದ್ದರೆ ಅದು ಕೊಬ್ಬು ಕರಗಿಸಲು ಶುರುಮಾಡುತ್ತದೆ, ಬಸುರಿಗೆ ಅದು ಒಳ್ಳೆಯದಲ್ಲ, ದಿನಕ್ಕೆ ಕನಿಷ್ಠ 175 ಗ್ರಾಂನಷ್ಟು ಪಿಷ್ಟ ಹೋಗಲೇಬೇಕು ಅಂದರು. ಒಟ್ಟಿಗೆ ತಿನ್ನಬೇಡಿ, ಮೂರು ಊಟ ಮೂರು ಸಣ್ಣ ತಿಂಡಿಗೆ ಹಂಚಿ ಅಂದರು. ಗುರಿ ಇಷ್ಟು: ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ 95ರೊಳಗೆ, ಊಟವಾಗಿ ಎರಡು ಗಂಟೆಗೆ 120ರೊಳಗೆ.

ನಾನು ಕಂಪ್ಯೂಟರಿನವಳು, ಎಕ್ಸೆಲ್ ಹಾಳೆ ಮಾಡಿದೆ. ಏನು ತಿಂದೆ, ಎಷ್ಟು, ಎರಡು ಗಂಟೆಯ ಮೇಲೆ ಎಷ್ಟು ಬಂತು. ಮಂಡ್ಯದವಳಾಗಿ ನನಗೆ ರಾಗಿ ಮೇಲೆ ಭಾರಿ ನಂಬಿಕೆ. ದೊಡ್ಡ ಮುದ್ದೆಯೊಂದು, ಸೊಪ್ಪಿನ ಸಾರು: 152. ಎದೆ ಒಡೆದು ಹೋಯಿತು. ಅರ್ಧ ಮುದ್ದೆ, ಜೊತೆಗೆ ಮೊಳಕೆ ಹುರುಳಿಕಾಳು, ಒಂದು ಬಟ್ಟಲು ಪಲ್ಯ: 117. ರಾಗಿ ಒಳ್ಳೆಯದೇ, ಆದರೆ ಅಳತೆ ಬೇಕು. ಅದೇ ರಾಗಿಯನ್ನು ತೆಳ್ಳಗೆ ಗಂಜಿ ಮಾಡಿ ಕುಡಿದ ದಿನ 170 ದಾಟಿತು. ನುಣ್ಣಗಿನ ಹಿಟ್ಟು, ತೆಳ್ಳಗಿನ ಗಂಜಿ ಅಂದರೆ ಬೇಗ ಜೀರ್ಣವಾಗುತ್ತದೆ, ಸಕ್ಕರೆಯೂ ಬೇಗ ಏರುತ್ತದೆ. ಬೆಳಗಿನ ಅವಲಕ್ಕಿ, ಉಪ್ಪಿಟ್ಟು ಎರಡೂ ನನಗೆ ಆಗಿ ಬರಲಿಲ್ಲ. ಇಡ್ಲಿ ಎರಡಾದರೆ ಸರಿ, ಮೂರನೆಯದು ಹೇಳಿಬಿಡುತ್ತಿತ್ತು. ಬೆಲ್ಲವೂ ಸಕ್ಕರೆಯೇ, ಅದರಲ್ಲಿ ರಿಯಾಯಿತಿ ಇಲ್ಲ. ಇದನ್ನು ನಮ್ಮ ಕಡೆಯ ಹಿರಿಯರಿಗೆ ಒಪ್ಪಿಸುವುದು ಮಾತ್ರ ಕಷ್ಟ. ಇವೆಲ್ಲ ನನ್ನ ಮೀಟರಿನ ಲೆಕ್ಕ, ನಿಮ್ಮ ಮೈಯ ಲೆಕ್ಕ ಬೇರೆ ಇರಬಹುದು.

ಗೆದ್ದದ್ದು ಜೋಳದ ರೊಟ್ಟಿ. ಅತ್ತೆ ವಿಜಯಪುರದವರು, ನಮ್ಮ ಜೊತೆಯಲ್ಲೇ ಇದ್ದಾರೆ. ಎರಡು ತೆಳ್ಳನೆ ರೊಟ್ಟಿ, ಹೆಸರುಕಾಳಿನ ಪಲ್ಯ, ಮೆಂತ್ಯ ಸೊಪ್ಪಿನ ಪಚಡಿ, ಮಜ್ಜಿಗೆ: 114. ಆ ಅಂಕಿಯನ್ನು ಅತ್ತೆಗೆ ತೋರಿಸಿದೆ. "ನಾ ಹೇಳಿದ್ನಿಲ್ಲ?" ಅಂದರು. ಮೊದಲೇನೂ ಹೇಳಿರಲಿಲ್ಲ. ಆದರೆ ಮರುದಿನದಿಂದ ಹಿಟ್ಟು ನಾದುವಾಗ ಉಂಡೆಯನ್ನು ಚಿಕ್ಕದು ಮಾಡತೊಡಗಿದರು, ನಾನು ಹೇಳದೆಯೇ.

ಅತ್ತೆಯನ್ನು ಒಲಿಸಿಕೊಳ್ಳುವುದು ಮೊದಮೊದಲು ಸುಲಭವಿರಲಿಲ್ಲ. "ಹೊಟ್ಟ್ಯಾನ ಕೂಸು ಉಪಾಸ ಇರ್ತೈತಿ, ಉಣ್ಣ ತಂಗಿ" ಅಂತ ಒಂದೇ ಸಮ. ಆಸ್ಪತ್ರೆಗೆ ಒಮ್ಮೆ ಕರೆದುಕೊಂಡು ಹೋದೆ. ಡಾಕ್ಟರ್ ಮರಾಠಿಯಲ್ಲಿ ಹೇಳಿದ್ದು ಅವರಿಗೆ ನಾಟಿತು. ಡಿಸೆಂಬರ್‌ನಲ್ಲಿ ಕುಬಸ ಇತ್ತು. ಬಂದವರೆಲ್ಲ ಕರ್ಚಿಕಾಯಿ, ಬುಂದಿ ಲಾಡು, ಹೋಳಿಗೆ ತಂದಿದ್ದರು. ಒಬ್ಬೊಬ್ಬರು ಒಂದೊಂದು ತುತ್ತು ತಿನ್ನಿಸಿದರೂ ನಲವತ್ತು ತುತ್ತು. ಅತ್ತೆ ನನ್ನ ಪಕ್ಕದಲ್ಲೇ ನಿಂತರು. "ಬಾಯಿಗೆ ಹಚ್ಚಿ ಬಿಡ್ರಿ, ತಿನಸಬ್ಯಾಡ್ರಿ. ಡಾಕ್ಟರ್ ಹೇಳ್ಯಾರ." ಯಾರಿಗೂ ಬೇಸರವಾಗಲಿಲ್ಲ, ಶಾಸ್ತ್ರವೂ ನಿಲ್ಲಲಿಲ್ಲ. ನಾನೇ ಹೇಳಿದ್ದರೆ ಸೊಸೆಯ ಸೊಕ್ಕು ಅನ್ನುತ್ತಿದ್ದರು.

ಊಟವಾದ ಮೇಲೆ ಹದಿನೈದು ನಿಮಿಷ ನಡೆಯುವುದು ಔಷಧಿಯಷ್ಟೇ ಕೆಲಸ ಮಾಡಿತು. ಕಚೇರಿಯಲ್ಲಿ ಪಾರ್ಕಿಂಗ್ ಜಾಗದಲ್ಲಿ ಸುತ್ತು ಹಾಕುತ್ತಿದ್ದೆ. ಬೆರಳು ಚುಚ್ಚಿಕೊಳ್ಳಲು ಫೋನ್ ಮಾತಿಗೆಂದು ಇರುವ ಸಣ್ಣ ಕೋಣೆಗೆ ಹೋಗುತ್ತಿದ್ದೆ. ತಂಡದಲ್ಲಿ ಯಾರಿಗೂ ಹೇಳಿರಲಿಲ್ಲ. ಬಡ್ತಿಯ ಸಮಯ ಅದು, ಕಾಯಿಲೆಯವಳು ಅನ್ನಿಸಿಕೊಳ್ಳಲು ಇಷ್ಟವಿರಲಿಲ್ಲ. ಒಮ್ಮೆ ಮೀಟರಿನಲ್ಲಿ 211 ಬಂತು. ಕೈಕಾಲು ನಡುಗಿತು, ಮೀಟಿಂಗ್ ಬಿಟ್ಟು ಡಾಕ್ಟರಿಗೆ ಫೋನ್ ಮಾಡಿದೆ. "ಕೈ ತೊಳೆದಿದ್ದೀರಾ?" ಅಂತ ಕೇಳಿದರು. ಐದು ನಿಮಿಷದ ಹಿಂದೆ ಪಕ್ಕದವನಿಗೆ ನಾಗಪುರದ ಕಿತ್ತಳೆ ಸುಲಿದು ಕೊಟ್ಟಿದ್ದೆ! ಬೆರಳಿಗೆ ಅಂಟಿದ ರಸದ ಸಕ್ಕರೆ ಅದು. ಸೋಪು ಹಚ್ಚಿ ತೊಳೆದು ಒರೆಸಿ ನೋಡಿದರೆ 109. ಆ ಗಾಬರಿಯಲ್ಲಿ ಪಕ್ಕದವನಿಗೂ ವಿಷಯ ಗೊತ್ತಾಯಿತು, ಸಂಜೆಯೊಳಗೆ ಮ್ಯಾನೇಜರಿಗೂ. ಆತ ಅಮೆರಿಕದವರ ಜೊತೆಗಿನ ರಾತ್ರಿ ಕಾಲ್‌ಗಳನ್ನು ಬೇರೆಯವರಿಗೆ ಕೊಟ್ಟ. ಮೊದಲೇ ಹೇಳಿದ್ದರೆ ಎರಡು ತಿಂಗಳ ನಿದ್ದೆ ಉಳಿಯುತ್ತಿತ್ತು.

ಇಷ್ಟೆಲ್ಲ ಮಾಡಿದರೂ ಬೆಳಗಿನ ಅಂಕಿ ಮಾತ್ರ 98, 102, 100. ರಾತ್ರಿ ನಾವು ಮಲಗಿದ್ದಾಗ ಯಕೃತ್ತು ತಾನಾಗಿ ಸಕ್ಕರೆ ಬಿಡುತ್ತದೆ, ಅದನ್ನು ನಡಿಗೆಯಿಂದ ಹಿಡಿಯುವುದು ಕಷ್ಟ. ಎರಡು ವಾರ ನೋಡಿ, ಮಲಗುವ ಮುಂಚೆ ಆರು ಯೂನಿಟ್ ಇನ್ಸುಲಿನ್ ಶುರುಮಾಡಿದರು. ಅದು ಕೊನೆಗೆ ಹದಿನಾಲ್ಕಕ್ಕೆ ನಿಂತಿತು. ನಾನು ಸೋತೆ ಅಂತಲೇ ಅನ್ನಿಸಿತ್ತು. ಅತ್ತೆಗೆ ಬೇರೆ ಭಯ. ಅವರ ಅಕ್ಕನಿಗೆ ಕೊನೆಗಾಲದಲ್ಲಿ ಇನ್ಸುಲಿನ್ ಕೊಟ್ಟಿದ್ದರು. "ಒಮ್ಮೆ ಹಚ್ಚಿದ್ರ ಸಾಯೂ ತನ ಬಿಡಂಗಿಲ್ಲ." ಇಲ್ಲಿ ಹಾಗಲ್ಲ. ಈ ಇನ್ಸುಲಿನ್ ಮಗುವಿಗೆ ದಾಟುವುದಿಲ್ಲ, ಮಾಸು ಹೊರಬಿದ್ದ ಮೇಲೆ ಹೆಚ್ಚಿನವರಿಗೆ ಬೇಕಾಗುವುದೂ ಇಲ್ಲ. ನನಗೆ ಹೆರಿಗೆಯ ದಿನವೇ ನಿಲ್ಲಿಸಿದರು. ಇನ್ಸುಲಿನ್ ತೆಗೆದುಕೊಳ್ಳುವವರು ನೆನಪಿಡಬೇಕಾದ್ದು ಒಂದಿದೆ. ಮೈ ಬೆವರಿ, ಕೈ ನಡುಗಿ, ಕಣ್ಣು ಕತ್ತಲೆ ಬಂದರೆ ಸಕ್ಕರೆ ಇಳಿದಿರಬಹುದು. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಗ್ಲೂಕೋಸ್ ಅಥವಾ ಸಕ್ಕರೆಯನ್ನು ನೀರಿಗೆ ಹಾಕಿ ಕೂಡಲೇ ಕುಡಿಯಬೇಕು. ನನ್ನ ದಿಂಬಿನ ಪಕ್ಕ ಡಬ್ಬಿ ಇರುತ್ತಿತ್ತು. ಎರಡು ಸಲ ಬೇಕಾಯಿತು.

ಇಷ್ಟು ಕಷ್ಟಪಟ್ಟದ್ದಕ್ಕೆ ಪ್ರಯೋಜನ ಇದೆಯೇ? 2005ರಲ್ಲಿ ಆಸ್ಟ್ರೇಲಿಯಾದ ಒಂದು ಅಧ್ಯಯನ ಪ್ರಕಟವಾಯಿತು, ಸುಮಾರು ಸಾವಿರ ಬಸುರಿಯರದು. ಚಿಕಿತ್ಸೆ ಪಡೆದವರ ಮಕ್ಕಳಲ್ಲಿ ಸಾವು, ಹೆಗಲು ಸಿಕ್ಕಿಕೊಳ್ಳುವುದು, ಮೂಳೆ ಮುರಿತ, ನರದ ಪೆಟ್ಟು ಇಂಥ ಗಂಭೀರ ತೊಂದರೆಗಳು ಶೇ. 1. ವಿಶೇಷ ಚಿಕಿತ್ಸೆ ಇಲ್ಲದವರಲ್ಲಿ ಶೇ. 4. ರಾತ್ರಿ ಸೂಜಿ ಚುಚ್ಚಿಕೊಳ್ಳುವಾಗ ಆ ಎರಡು ಅಂಕಿಗಳನ್ನು ನೆನೆಸಿಕೊಳ್ಳುತ್ತಿದ್ದೆ, ಜೊತೆಗೆ ತಮ್ಮನ ಬಲಗೈಯನ್ನು.

ಫೆಬ್ರವರಿ 2020ರ ಮೊದಲ ವಾರದಲ್ಲಿ ಮಗಳು ಹುಟ್ಟಿದಳು. 3 ಕೆಜಿ 200 ಗ್ರಾಂ. ಎರಡು ಕೈಯನ್ನೂ ಚೆನ್ನಾಗಿ ಆಡಿಸಿದಳು, ನಾನು ಮೊದಲು ನೋಡಿದ್ದು ಅದನ್ನೇ. ಒಂದು ಗಂಟೆಯ ಮೇಲೆ ಹಿಮ್ಮಡಿ ಚುಚ್ಚಿ ರಕ್ತ ನೋಡಿದರು: 36. ಹೊಟ್ಟೆಯಲ್ಲಿದ್ದಾಗ ನನ್ನಿಂದ ಹೋಗುತ್ತಿದ್ದ ಸಕ್ಕರೆ ಹೊಕ್ಕುಳಬಳ್ಳಿ ಕತ್ತರಿಸಿದ ತಕ್ಷಣ ನಿಂತುಹೋಗುತ್ತದೆ. ಮಗುವಿನ ಮೈಯಲ್ಲಿ ಇನ್ಸುಲಿನ್ ಮಾತ್ರ ಇನ್ನೂ ಹೆಚ್ಚಿರುತ್ತದೆ, ಹಾಗಾಗಿ ಸಕ್ಕರೆ ದಡಕ್ಕನೆ ಇಳಿಯುತ್ತದೆ. 45ಕ್ಕಿಂತ ಕಡಿಮೆ ಇರಬಾರದು. ಮೊದಲ ಹಳದಿ ಹಾಲನ್ನು ಹಿಂಡಿ ಚಮಚದಲ್ಲಿ ಕುಡಿಸಿದರು. ಅದು 41ಕ್ಕೆ ಬಂದು ನಿಂತಿತು. ಆಮೇಲೆ ಒಂದು ರಾತ್ರಿ ಗ್ಲೂಕೋಸ್ ಹನಿ ಹಾಕಿದರು. ಬೆಳಗಾಗುವಷ್ಟರಲ್ಲಿ 58. ಆ ರಾತ್ರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ನೀವುವ ಆ ಪುಟ್ಟ ಹಿಮ್ಮಡಿಯಲ್ಲಿ ಐದಾರು ಸೂಜಿ ಗುರುತು ಇತ್ತು ಅಂತ ಮಾತ್ರ ಹೇಳುತ್ತೇನೆ. ಹೆರಿಗೆ ಎಲ್ಲಿ ಮಾಡಿಸಬೇಕು ಅಂತ ಯೋಚಿಸುತ್ತಿರುವ ಹುಡುಗಿಯರು ಇದನ್ನು ಮೊದಲೇ ಕೇಳಿ: ಹುಟ್ಟಿದ ಮಗುವಿನ ಸಕ್ಕರೆ ನೋಡುವ ವ್ಯವಸ್ಥೆ ರಾತ್ರಿಯೂ ಇದೆಯಾ?

ಬಾಣಂತನಕ್ಕೆ ಅವ್ವ ಇಲ್ಲಿಗೇ ಬಂದಳು. ಜೊತೆಗೆ ಎರಡು ದೊಡ್ಡ ಡಬ್ಬಿ ಅಂಟಿನುಂಡೆ. ಕೊಬ್ಬರಿ, ಖರ್ಜೂರ, ಬೆಲ್ಲ, ತುಪ್ಪ. ನಾನು ತಿಂದೆ. ಯಾಕೆ ಸುಳ್ಳು ಹೇಳಲಿ? ಮೂರು ತಿಂಗಳು ಅಳೆದು ತೂಗಿ ತಿಂದವಳಿಗೆ "ಎಲ್ಲ ಮುಗಿಯಿತು" ಅನ್ನಿಸಿತ್ತು. ಮೀಟರನ್ನು ಡಬ್ಬಿಗೆ ಹಾಕಿ ಕಪಾಟಿನ ಮೇಲಿಟ್ಟೆ.

ನಾನು ಮಾಡಿದ ತಪ್ಪು ಇಲ್ಲಿಯದು. ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಕಾಗದಕ್ಕೆ ಒಂದು ಚೀಟಿ ಪಿನ್ ಮಾಡಿದ್ದರು. "ಆರು ವಾರಕ್ಕೆ 75 ಗ್ರಾಂ ಗ್ಲೂಕೋಸ್ ಪರೀಕ್ಷೆ. ಆಮೇಲೆ ವರ್ಷಕ್ಕೊಮ್ಮೆ." ಡಾಕ್ಟರ್ ಬಾಯಲ್ಲೂ ಹೇಳಿದ್ದರು. ಆರು ವಾರ ಆಗುವ ಹೊತ್ತಿಗೆ ಮಾರ್ಚ್ ಕೊನೆ, ಲಾಕ್‌ಡೌನ್ ಬಿತ್ತು. ಪುಣೆಯ ಆಗಿನ ಸ್ಥಿತಿ ನಿಮಗೆಲ್ಲ ಗೊತ್ತು. ಹಸುಗೂಸು ಬಿಟ್ಟು ಆಸ್ಪತ್ರೆಗೆ ಯಾರು ಹೋಗುತ್ತಾರೆ? ಅವ್ವ ಕೂಡ ಜೂನ್‌ವರೆಗೆ ಊರಿಗೆ ಹೋಗಲಾಗದೆ ಇಲ್ಲೇ ಉಳಿದಳು. ಅಲ್ಲಿಯವರೆಗೆ ಒಪ್ಪಿಕೊಳ್ಳೋಣ. ಆದರೆ ಲಾಕ್‌ಡೌನ್ ಮುಗಿದ ಮೇಲೆ? 2021? 2022? ಮಗಳ ಲಸಿಕೆ ಒಂದು ದಿನ ತಡವಾಗಲಿಲ್ಲ. ಅತ್ತೆಯ ಕಣ್ಣಿನ ಪೊರೆ ತೆಗೆಸಿದ್ದಾಯಿತು. ಕಾರಿನ ವಿಮೆ ನವೀಕರಣವಾಯಿತು. ಆ ಚೀಟಿ ಮಾತ್ರ ಫೈಲಿನಲ್ಲೇ ಇತ್ತು.

ಮಾರ್ಚ್ 2023ರಲ್ಲಿ ಮಗಳ ಶಾಲೆಗೆ ಲಸಿಕೆ ಕಾರ್ಡ್ ಕೇಳಿದರು. ಫೈಲ್ ತೆಗೆದಾಗ ಚೀಟಿ ಕೈಗೆ ಬಂತು. ಆಗ ಮನೆಯಲ್ಲಿ ಎರಡನೇ ಮಗುವಿನ ಮಾತು ನಡೆದಿತ್ತು. ಮರುದಿನವೇ ಹೋಗಿ ಮಾಡಿಸಿದೆ. ಖಾಲಿ ಹೊಟ್ಟೆಯಲ್ಲಿ 112, ಎರಡು ಗಂಟೆಗೆ 168, ಎಚ್‌ಬಿಎ1ಸಿ 6.1. ಮಧುಮೇಹ ಅಲ್ಲ, ಅದರ ಹೊಸ್ತಿಲು. ಅವತ್ತು ಅವ್ವನ 44ರ ಲೆಕ್ಕ ಅರ್ಥವಾಯಿತು. ನನಗೆ 35.

ಆ ರಾತ್ರಿ ಕೂತು ಓದಿದೆ. ಗರ್ಭಾವಸ್ಥೆಯಲ್ಲಿ ಸಕ್ಕರೆ ಬಂದವರಿಗೆ ಮುಂದೆ ಮಧುಮೇಹ ಬರುವ ಸಾಧ್ಯತೆ ಉಳಿದವರಿಗಿಂತ ಕನಿಷ್ಠ ಏಳು ಪಟ್ಟು ಅಂತ 2009ರಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತ್ತು. ನನ್ನನ್ನು ಕೂರಿಸಿ ಓದಿಸಿದ್ದು ಮಾತ್ರ ನಮ್ಮ ಮೈಸೂರಿನ ಅಧ್ಯಯನ. ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ನಮ್ಮ ಕಡೆ ಮಿಷನ್ ಆಸ್ಪತ್ರೆ ಅಂತಲೇ ಎಲ್ಲರೂ ಕರೆಯುವುದು. ಅಲ್ಲಿ 1997-98ರಲ್ಲಿ ಬಸುರಿಯರಿಗೆ ಸಕ್ಕರೆ ಪರೀಕ್ಷೆ ಮಾಡಿ, ಆಮೇಲೆ ಆ ತಾಯಂದಿರನ್ನೂ ಮಕ್ಕಳನ್ನೂ ವರ್ಷಗಟ್ಟಲೆ ನೋಡಿಕೊಂಡು ಬಂದರು. ಡಾ. ಜಿ.ವಿ. ಕೃಷ್ಣವೇಣಿ ಮತ್ತು ಜೊತೆಗಾರರ ಕೆಲಸ. ಬಸುರಿನಲ್ಲಿ ಸಕ್ಕರೆ ಇದ್ದವರಲ್ಲಿ ಐದು ವರ್ಷದೊಳಗೆ ಶೇ. 37 ಮಂದಿಗೆ ಮಧುಮೇಹ ಬಂದಿತ್ತು, ಇಲ್ಲದವರಲ್ಲಿ ಶೇ. 2. ಸಂಖ್ಯೆ ಸಣ್ಣದು ನಿಜ, ಕೆಲವೇ ಹತ್ತು ಹೆಂಗಸರು. ಆದರೂ ಅವರು ನಮ್ಮ ಊರ ಕಡೆಯವರು, ನನ್ನ ಚಿಕ್ಕಮ್ಮಂದಿರ ವಯಸ್ಸಿನವರು. ಅವರ ಮಕ್ಕಳು ಒಂಬತ್ತು ಹತ್ತು ವರ್ಷದವರಾದಾಗ ನೋಡಿದರೆ ಮೈಯಲ್ಲಿ ಕೊಬ್ಬು ಹೆಚ್ಚು, ಇನ್ಸುಲಿನ್ನಿನ ಕೆಲಸ ಮಂದ.

ನಾವಿರುವ ಈ ಪುಣೆಯಲ್ಲೂ ಇಂಥದೇ ದೊಡ್ಡ ಕೆಲಸ ನಡೆದಿದೆ. ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರು 1993ರಿಂದ ಪುಣೆ ಸುತ್ತಲಿನ ಆರು ಹಳ್ಳಿಗಳ ತಾಯಂದಿರನ್ನು ನೋಡಿದರು. ಇಂಗ್ಲೆಂಡಿನ ಮಕ್ಕಳಿಗೆ ಹೋಲಿಸಿದರೆ ನಮ್ಮ ಮಕ್ಕಳು ಸುಮಾರು 800 ಗ್ರಾಂ ಕಡಿಮೆ ತೂಕದವು. ಆದರೆ ಚರ್ಮದ ಕೆಳಗಿನ ಕೊಬ್ಬು ಅಷ್ಟು ಕಡಿಮೆಯಿಲ್ಲ. ನೋಡಲು ಸಣ್ಣ, ಒಳಗೆ ಕೊಬ್ಬು. ಹಾಗಾಗಿ "ನಾನು ತೆಳ್ಳಗಿದ್ದೀನಿ, ನನಗೇನು ಆಗುತ್ತೆ" ಅನ್ನುವ ಮಾತು ನಮ್ಮ ಜನಕ್ಕೆ ಹೊಂದುವುದಿಲ್ಲ.

ಎರಡನೇ ಮಗುವಿನ ವಿಚಾರವನ್ನು ಡಾಕ್ಟರ್ ಹತ್ತಿರ ಎತ್ತಿದೆ. ಅವರು ಹೇಳಿದ್ದು ಇಷ್ಟು: ಮಗುವಿನ ಹೃದಯ, ಬೆನ್ನುಹುರಿ ರೂಪುಗೊಳ್ಳುವುದು ಮೊದಲ ಎಂಟು ವಾರಗಳಲ್ಲಿ. ಅರ್ಧ ಹೆಂಗಸರಿಗೆ ಆಗ ಬಸುರಿ ಅಂತಲೇ ಸರಿಯಾಗಿ ಗೊತ್ತಿರುವುದಿಲ್ಲ. ಮಧುಮೇಹ ಇದ್ದೂ ಗೊತ್ತಿಲ್ಲದೆ ಆ ವಾರಗಳು ಕಳೆದರೆ ಅಪಾಯ. "ನೀವು ಪರೀಕ್ಷೆ ಮಾಡಿಸದೆ ಬಂದಿದ್ದರೆ?" ಅಂತ ಕೇಳಿ ಸುಮ್ಮನಾದರು. ನಾನೂ ಸುಮ್ಮನಿದ್ದೆ. ಅಂಕಿ ಇಳಿಯಲಿ, ಆಮೇಲೆ ನೋಡೋಣ ಅಂತ ತೀರ್ಮಾನವಾಯಿತು.

ಮೀಟರನ್ನು ಕಪಾಟಿನಿಂದ ಇಳಿಸಿದೆ. ಅತ್ತೆ ರೊಟ್ಟಿಯ ಉಂಡೆಯನ್ನು ಮತ್ತೆ ಚಿಕ್ಕದು ಮಾಡಿದರು, ಈ ಸಲ ಮಗನಿಗೂ ಸೇರಿಸಿ. ವರ್ಷದಲ್ಲಿ ಆರು ಕೆಜಿ ಇಳಿದಿದ್ದೇನೆ. ಹೋದ ವಾರ ಎಚ್‌ಬಿಎ1ಸಿ 5.8 ಬಂತು. ಇನ್ನೂ 5.7ರ ಗೆರೆ ದಾಟಿಲ್ಲ. ಎರಡನೇ ಮಗುವಿನ ಬಗ್ಗೆ ನಾವಿಬ್ಬರೂ ಇನ್ನೂ ನಿರ್ಧರಿಸಿಲ್ಲ. ನನಗೆ 36, ಕಾಲವೂ ಕಾಯುವುದಿಲ್ಲ. 2020ರಲ್ಲೇ ಆ ಚೀಟಿ ಹಿಡಿದು ಹೋಗಿದ್ದರೆ ಈ ಲೆಕ್ಕ ಬೇರೆ ಇರುತ್ತಿತ್ತೋ ಏನೋ.

ಅವ್ವನಿಗೆ ಇದನ್ನೆಲ್ಲ ಫೋನಿನಲ್ಲಿ ವಿವರಿಸಿದೆ, ತಮ್ಮ ಹುಟ್ಟಿದ ವಿಷಯವನ್ನೂ ಸೇರಿಸಿ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಂಗಾರೆ ಆ ನರ್ಸಮ್ಮಂದೇನೂ ತೆಪ್ಪಿರ್ನಿಲ್ವೇನವ್ವ?" ಅಂದಳು. ಗೊತ್ತಿಲ್ಲವ್ವ ಅಂದೆ. ಮೂವತ್ತು ವರ್ಷ ಬೈದ ಬೈಗುಳವನ್ನು ವಾಪಸ್ ತಗೊಳ್ಳುವುದು ಹೇಗೆ ಅಂತ ಅವಳಿಗೂ ಗೊತ್ತಾಗಲಿಲ್ಲ. ತಮ್ಮನ ಹೆಂಡತಿ ಈಗ ನಾಲ್ಕು ತಿಂಗಳ ಬಸುರಿ. ಅವಳ ಎರಡನೇ ಪರೀಕ್ಷೆ ಯಾವ ವಾರಕ್ಕೆ ಬರುತ್ತದೆ ಅಂತ ಅವ್ವ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದಾಳೆ.

ನಿಮ್ಮಲ್ಲಿ ಯಾರಿಗಾದರೂ, ನಿಮ್ಮ ಅಕ್ಕತಂಗಿಯರಿಗೆ, ಸೊಸೆಗೆ, ಐದು ವರ್ಷದ ಹಿಂದೆಯೋ ಹದಿನೈದು ವರ್ಷದ ಹಿಂದೆಯೋ ಬಸುರಿನಲ್ಲಿ ಸಕ್ಕರೆ ಇತ್ತು ಅಂತ ಹೇಳಿದ್ದು ನೆನಪಿದ್ದರೆ, ಮನೆಗೆ ಹೋದ ಮೇಲೆ ಹಳೆಯ ಫೈಲ್ ಒಮ್ಮೆ ತೆಗೆಯಿರಿ. ಆ ಬದಿಯ ಮೇಜಿನ ಮೇಲೆ ಮೀಟರ್ ಇಟ್ಟಿದ್ದೇನೆ. ನೋಡಿಕೊಳ್ಳಬೇಕು ಅನ್ನುವವರು ಬನ್ನಿ, ಆದರೆ ಮೊದಲು ಕೈ ತೊಳೆದು ಬನ್ನಿ. ಹೊರಗೆ ಕಾಫಿ ಬಂದಿದೆ. ಸಕ್ಕರೆ ಬೇರೆ ಬಟ್ಟಲಿನಲ್ಲಿಡಿ ಅಂತ ಹೇಳಿದ್ದೆ, ಇಟ್ಟಿದ್ದಾರೋ ಇಲ್ಲವೋ ನೋಡೋಣ.